ಚುಕ್ಕಾಣಿಗೆ ಸ್ಟೀಲ್ ಕೇಬಲ್ಲೇ ಬೇಕಾ?

ಕಯಾಕ್ ಇಟ್ಟುಕೊಂಡ ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ಜಗಳ ಗ್ಯಾರಂಟಿ. ಕಯಾಕಿಗೆ ಚುಕ್ಕಾಣಿ ಬೇಕೋ ಬೇಡವೋ ಅಂತ! ಹುಟ್ಟು ಹಾಕಲು ಬಾರದವನಿಗೆ ಮಾತ್ರ ಚುಕ್ಕಾಣಿ ಅನ್ನುವವರಿದ್ದಾರೆ. ಆ ಜಗಳ ನನಗೆ ಬೇಡ. ನನ್ನ ತಕರಾರು ಬೇರೆ. ಚುಕ್ಕಾಣಿ ಇಟ್ಟುಕೊಂಡವರು ಅದರ ಕೇಬಲ್ಲಿನ ತುದಿಯನ್ನು ಹೇಗೆ ಕಟ್ಟಿದ್ದಾರೆ ಅಂತ ಬಗ್ಗಿ ನೋಡುವುದೇ ಇಲ್ಲ. ನಾನೂ ನೋಡಿರಲಿಲ್ಲ, ಅದಕ್ಕೇ ಈ ಸಿಟ್ಟು.

ಗೊತ್ತಿಲ್ಲದವರಿಗೆ ಎರಡು ಮಾತು. ಸಮುದ್ರದ ಕಯಾಕಿನಲ್ಲಿ ಎರಡು ಕಾಲಿಗೂ ಒಂದೊಂದು ಪೆಡಲ್. ಪ್ರತಿ ಪೆಡಲಿನಿಂದ ಒಂದು ತೆಳು ಕೇಬಲ್ ಪ್ಲಾಸ್ಟಿಕ್ ನಳಿಗೆಯೊಳಗೆ ಹಾದು, ಹಿಂತುದಿಯಲ್ಲಿರುವ ಚುಕ್ಕಾಣಿಯ ಒಂದೊಂದು ಬದಿಗೆ ಸೇರುತ್ತದೆ. ಎಡಗಾಲು ಒತ್ತಿದರೆ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ. ಸೈಕಲ್ಲಿನ ಬ್ರೇಕ್ ವೈರ್ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಅದೇ ಸಂಗತಿ. ಸಾಮಾನ್ಯವಾಗಿ ಹಾಕುವುದು 1.6 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಕೇಬಲ್. ತುದಿಯನ್ನು ಕುಣಿಕೆಯಂತೆ ಮಡಚಿ, ಅದರ ಮೇಲೆ ಒಂದು ಲೋಹದ ಸ್ಲೀವ್ ತೊಡಿಸಿ ಒತ್ತಿಬಿಡುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಆ ಕಾಳುಮೆಣಸಿನಷ್ಟು ಸ್ಲೀವ್ ಮೇಲೆ!!

ನಾನು ಹಳೇ ಕಯಾಕ್ ಕೊಂಡಾಗ ಕೇಬಲ್ ಬದಲಾಯಿಸಲು ಒಂದು ಅಂಗಡಿಗೆ ಕೊಟ್ಟೆ. "ಸ್ಟೀಲ್ ಅಲ್ವಾ, ಏನೂ ಆಗಲ್ಲ" ಅಂದರು. ಎರಡು ಬೇಸಿಗೆ ಏನೂ ಆಗಲಿಲ್ಲ ಕೂಡ. ಆಮೇಲೊಂದು ದಿನ, ವಾಷಿಂಗ್ಟನ್ ರಾಜ್ಯದ ಆನಕಾರ್ಟಿಸ್‌ನಿಂದ ಸೈಪ್ರೆಸ್ ದ್ವೀಪಕ್ಕೆ ಹೊರಟಿದ್ದೆ. ಹಿಂದಿನಿಂದ ಓರೆಯಾಗಿ ಗಾಳಿ, ಕೆಳಗೆ ಇಳಿತದ ಸೆಳೆತ, ನೀರು ಸುಮಾರು 10 ಡಿಗ್ರಿ. ನಡುನೀರಿನಲ್ಲಿ ಬಲಗಾಲು ಇದ್ದಕ್ಕಿದ್ದಂತೆ ಮುಂದಕ್ಕೆ ಜಾರಿತು. ಕೇಬಲ್ ತುಂಡಾಗಿರಲಿಲ್ಲ ಮಾರಾಯ್ರೇ, ಸ್ಲೀವ್‌ನಿಂದ ನುಣುಚಿಕೊಂಡಿತ್ತು!

ಇಲ್ಲಿ ಒಂದು ವಿಷಯ ಗಮನಿಸಿ. ಹೋದದ್ದು ಬರೀ ಚುಕ್ಕಾಣಿಯಲ್ಲ. ನನ್ನದು ಹಿಂದೆ ಮುಂದೆ ಜಾರುವ ಪೆಡಲ್, ಕಾಲಿಗೆ ಆಸರೆಯೂ ಅದೇ ಕೇಬಲ್ಲಿನದು. ಕಾಲು ಊರಲು ಜಾಗವಿಲ್ಲದಿದ್ದರೆ ಹುಟ್ಟಿಗೆ ಬಲವೇ ಬರುವುದಿಲ್ಲ. ಚುಕ್ಕಾಣಿಯನ್ನು ಮೇಲಕ್ಕೆತ್ತುವ ಹಗ್ಗ ಬೇರೆ ಇದ್ದದ್ದು ಪುಣ್ಯ, ಎತ್ತಿಕೊಂಡೆ. ಗಾಳಿ ಮೂತಿಯನ್ನು ತಿರುಗಿಸುತ್ತಲೇ ಇತ್ತು. ಒಂದೇ ಬದಿಗೆ ಅಗಲವಾಗಿ ಹುಟ್ಟು ಬೀಸಿ ಬೀಸಿ, ತೋಳು ಸೋತು ದಡ ಮುಟ್ಟಿದೆ.

ದಡದಲ್ಲಿ ಬಗ್ಗಿ ನೋಡಿದರೆ ಸ್ಲೀವ್ ಅಲ್ಯೂಮಿನಿಯಮ್ಮಿನದು, ಮೈಯೆಲ್ಲಾ ಬಿಳಿ ಪುಡಿ. ಸ್ಟೇನ್‌ಲೆಸ್ ಸ್ಟೀಲಿಗೆ ತಾಗಿಕೊಂಡ ಅಲ್ಯೂಮಿನಿಯಮ್ ಉಪ್ಪುನೀರಿನಲ್ಲಿ ಬ್ಯಾಟರಿಯ ಹಾಗೆ ಕೆಲಸ ಮಾಡಿ ತಾನೇ ಸವೆದುಹೋಗುತ್ತದೆ. ಅಲ್ಲಿ ಇರಬೇಕಾದ್ದು ತಾಮ್ರದ ಸ್ಲೀವ್. ಅದನ್ನು ಒತ್ತಲು ಅದರದೇ ಅಳತೆಯ ಉಪಕರಣ ಬೇಕು. ನನ್ನದನ್ನು ಒತ್ತಿದ್ದು ಕಟಿಂಗ್ ಪ್ಲೇಯರ್‌ನಲ್ಲಿ, ಹಲ್ಲಿನ ಗುರುತು ಹಾಗೇ ಇತ್ತು!

ಸರಿಯಾದ ಸ್ಲೀವ್, ಸರಿಯಾದ ಉಪಕರಣ ಇದ್ದರೆ ಸ್ಟೀಲ್ ಗಟ್ಟಿಯೇ, ಒಪ್ಪುತ್ತೇನೆ. ಹಿಗ್ಗುವುದಿಲ್ಲ, ಬೇಗ ಸವೆಯುವುದಿಲ್ಲ. ಆದರೆ ಆ ಉಪಕರಣ ನಿರ್ಜನ ದ್ವೀಪದ ಮರಳಿನಲ್ಲಿ ಯಾರ ಹತ್ತಿರ ಇರುತ್ತೆ ಹೇಳಿ? ಅದೂ ಅಲ್ಲದೆ ಕೇಬಲ್ ಮುರಿಯುವುದು ಹೆಚ್ಚಾಗಿ ಸ್ಲೀವ್ ಬುಡದಲ್ಲಿ, ಮತ್ತೆ ಮತ್ತೆ ಬಾಗುವ ಜಾಗದಲ್ಲಿ. ಒಂದೊಂದೇ ಎಳೆ ಬಿಡುತ್ತಾ, ಮೊದಲು ನಿಮ್ಮ ಬೆರಳಿಗೆ ಚುಚ್ಚಿ ಆಮೇಲೆ ಕೈಕೊಡುತ್ತದೆ.

ನಾನೀಗ ಡೈನೀಮಾ ಹಗ್ಗ ಹಾಕಿದ್ದೇನೆ. ಅದೇ ತೂಕದ ಸ್ಟೀಲಿಗಿಂತ ಬಹಳ ಗಟ್ಟಿ, ತುಕ್ಕಿಲ್ಲ, ನೀರಿನ ಮೇಲೆ ತೇಲುತ್ತೆ. "ಹಗ್ಗವಾ?!" ಅಂತ ನಕ್ಕವರಿದ್ದಾರೆ. ನಗಲಿ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿತಲ್ಲ, ಐಎನ್‌ಎಸ್‌ವಿ ಕೌಂಡಿನ್ಯ, ಅದರ ಹಲಗೆಗಳನ್ನು ಜೋಡಿಸಿದ್ದು ಮೊಳೆ ಹೊಡೆದಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದು. ಒಂದಿಡೀ ಹಡಗನ್ನು ಹಿಡಿದಿಡುವ ಹಗ್ಗ ನನ್ನ ಎರಡು ಕಾಲು ಹಿಡಿಯಲಾರದೇ?

ಡೈನೀಮಾದಲ್ಲೂ ದೋಷವಿದೆ, ಮುಚ್ಚಿಡುವುದಿಲ್ಲ. ಬಲು ನುಣುಪು, ಗಂಟು ಜಾರುತ್ತೆ. ಗಂಟು ಹಾಕಿದಲ್ಲಿ ಅದರ ಬಲ ಅರ್ಧದಷ್ಟು ಕಡಿಮೆಯಾಗಬಹುದು. ನಳಿಗೆಯ ಬಾಯಿ ಚೂಪಾಗಿದ್ದರೆ ಉಜ್ಜಿ ಹರಿಯುತ್ತೆ. ಆದರೆ ಈ ದೋಷಗಳೆಲ್ಲ ಕಣ್ಣಿಗೆ ಕಾಣುವಂಥವು, ಕೈಯಲ್ಲೇ ಸರಿಮಾಡುವಂಥವು. ವ್ಯತ್ಯಾಸ ಇರುವುದೇ ಅಲ್ಲಿ.

ಮಾಡುವವರಿಗೆ ನನ್ನ ಅನುಭವದ ನಾಲ್ಕು ಮಾತು. ಹಳೇ ಕೇಬಲ್ಲನ್ನು ಮೊದಲೇ ಎಳೆದು ಬಿಸಾಡಬೇಡಿ! ಅದರ ತುದಿಗೆ ಹೊಸ ಹಗ್ಗ ಸೇರಿಸಿ ಟೇಪ್ ಸುತ್ತಿ ಎಳೆಯಿರಿ, ನಳಿಗೆಯೊಳಗೆ ತಾನೇ ಬರುತ್ತೆ. ನಳಿಗೆಯ ಬಾಯನ್ನು ಸ್ಯಾಂಡ್‌ಪೇಪರಿನಿಂದ ದುಂಡಗೆ ಮಾಡಿ. ಚುಕ್ಕಾಣಿ ನೇರ ಇಟ್ಟು, ನೀವೇ ದೋಣಿಯಲ್ಲಿ ಕೂತು, ಎರಡೂ ಪೆಡಲ್ ಸಮವಾಗಿರುವಂತೆ ಇನ್ನೊಬ್ಬರ ಕೈಲಿ ಅಳತೆ ಗುರುತು ಹಾಕಿಸಿ. ಎಂಟರ ಆಕಾರದ ಗಂಟು ಹಾಕಿ, ಬಾಲ ಒಂದು ಗೇಣು ಬಿಡಿ, ಜೋರಾಗಿ ಜಗ್ಗಿ ಗಂಟು ಕೂರಿಸಿ, ಸಡಿಲವಾಗಿದ್ದರೆ ಮತ್ತೆ ಕಟ್ಟಿ. ಚುಕ್ಕಾಣಿಗೆ ಸೇರುವ ಪಿನ್ನಿನ ರಿಂಗ್ ಇದೆಯಾ ಅಂತ ಪ್ರತಿ ಸಲ ನೋಡಿ. ಚೀಲದಲ್ಲಿ 4 ಮೀಟರ್ ಹಗ್ಗ ಹೆಚ್ಚಿಗೆ ಇರಲಿ.

ನಾನು ಹೇಳುವುದಿಷ್ಟೇ. ದಡದಲ್ಲಿ ನಮ್ಮ ಕೈಯಿಂದಲೇ ಮತ್ತೆ ಕಟ್ಟಲಾಗದ ಗಂಟನ್ನು ನಂಬಿ ನಡುನೀರಿಗೆ ಹೋಗಬಾರದು. ಸ್ಟೀಲೇ ಬೇಕು ಅನ್ನುವವರು ಅದನ್ನೇ ಇಟ್ಟುಕೊಳ್ಳಿ, ಆದರೆ ಇವತ್ತೇ ಹೋಗಿ ಆ ಸ್ಲೀವ್ ಒಮ್ಮೆ ನೋಡಿ. ಬಿಳಿ ಪುಡಿ ಕಂಡರೆ ಜಗಳಕ್ಕೆ ಬನ್ನಿ, ನಾನು ರೆಡಿ.

ಏನಂತೀರಿ?