ಡೈಪರ್ ಪುಡಿ ಮತ್ತು ಚಿಕ್ಕಪ್ಪನ ಟೊಮೇಟೊ

ಮೊನ್ನೆ ಮಗಳ ಡೈಪರ್ ಒಂದನ್ನು ಕತ್ತರಿಯಿಂದ ಸೀಳಿದೆ. (ಬಳಸಿದ್ದಲ್ಲ ಮಾರಾಯ್ರೆ, ಹೊಸದು!) ಒಳಗಿನ ಹತ್ತಿಯಂಥದ್ದನ್ನು ಕೊಡವಿದರೆ ಸಕ್ಕರೆಯಂಥ ಬಿಳಿ ಹರಳು ಉದುರಿತು. ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಒಂದು ಚಮಚ ಪುಡಿಗೆ ಒಂದು ಲೋಟ ಫಿಲ್ಟರ್ ನೀರು ಸುರಿದೆ. ನೋಡನೋಡುತ್ತಲೇ ಗಟ್ಟಿ ಜೆಲ್ಲಿ! ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ಆಮೇಲೆ ಒಂದು ಚಮಚ ಉಪ್ಪು ಹಾಕಿ ಕಲಕಿದೆ. ಜೆಲ್ಲಿ ಕುಸಿದು ನೀರು ಬಿಟ್ಟುಕೊಂಡಿತು.

ಈ ಉಸಾಬರಿಗೆ ಕಾರಣ ಕೋಲಾರದ ಕಡೆ ಟೊಮೇಟೊ ಬೆಳೆಯುವ ಚಿಕ್ಕಪ್ಪ. "ಒಂದು ಪುಡಿ ಬಂದಿದೆ ಕಣೋ, ತನ್ನ ತೂಕದ ನಾನೂರು ಪಟ್ಟು ನೀರು ಹಿಡಿಯುತ್ತಂತೆ. ತಗೊಳ್ಳಲಾ?" ಅಂತ ಫೋನ್ ಮಾಡಿದ್ದರು.

ನಾನೂರು ಪಟ್ಟು ಸುಳ್ಳಲ್ಲ. ಆದರೆ ಅದು ಶುದ್ಧ ನೀರಿನ ಲೆಕ್ಕ. ಈ ಪುಡಿಯ ಉದ್ದುದ್ದ ಸರಪಳಿಗಳಿಗೆ ಸೋಡಿಯಂ ಅಂಟಿಕೊಂಡಿರುತ್ತೆ. ನೀರು ಬಿದ್ದಾಗ ಸೋಡಿಯಂ ಸಡಿಲವಾಗಿ, ಋಣ ಆವೇಶದ ಸರಪಳಿಗಳು ಒಂದನ್ನೊಂದು ದೂರ ತಳ್ಳಿ ಹಿಗ್ಗುತ್ತವೆ. ಹೊರಗಿನ ನೀರು ಒಳಗೆ ನುಗ್ಗುತ್ತೆ. ನಡುವೆ ಗಂಟುಗಳಿರುವುದರಿಂದ ಸರಪಳಿ ಕರಗಿಹೋಗುವುದಿಲ್ಲ. ಹೊರಗಿನ ನೀರಲ್ಲೇ ಉಪ್ಪಿದ್ದರೆ ಈ ಸೆಳೆತ ಕಮ್ಮಿ. 0.9% ಉಪ್ಪುನೀರಿನಲ್ಲಿ ನೂರಾರು ಪಟ್ಟು ಹೋಗಿ ಕೆಲವು ಹತ್ತು ಪಟ್ಟಿಗೆ ಇಳಿಯುತ್ತೆ. ಗಡಸು ನೀರಿನ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು: ಸರಪಳಿಗಳನ್ನು ಜೋಡಿಸಿ ಬಿಗಿದೇ ಬಿಡುತ್ತೆ.

ಚಿಕ್ಕಪ್ಪನ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಕರೆ ಕಟ್ಟುವಂಥದ್ದು. ಮೇಲೆ ಡ್ರಿಪ್‌ನಲ್ಲಿ ರಸಗೊಬ್ಬರ ಬೇರೆ. ನಾನೂರು ಎಲ್ಲಿಂದ ಬಂತು?

ಪುಡಿಯೇ ಮೋಸ ಅನ್ನುತ್ತಿಲ್ಲ. ಹೊಲಕ್ಕೆ ಅಂತಲೇ ಪೊಟ್ಯಾಸಿಯಂ ಲವಣದ ಪುಡಿ ಇದೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಹೈಡ್ರೋಜೆಲ್' ಇದೆ. ಹಿಡಿದ ನೀರನ್ನು ಬೇರಿಗೆ ನಿಧಾನವಾಗಿ ಕೊಡುವುದೂ ನಿಜ. ಆದರೆ ಇವು ನೀರನ್ನು ಹುಟ್ಟಿಸುವುದಿಲ್ಲ, ಬಿದ್ದಿದ್ದನ್ನು ಹಿಡಿಯುತ್ತವೆ ಅಷ್ಟೆ. ಎಷ್ಟು ಹಿಡಿಯುತ್ತವೆ ಅನ್ನೋದು ನಿಮ್ಮೂರ ನೀರಿನ ಮೇಲೆ. ಪೊಟ್ಟಣದ ಮೇಲೆ ಗಡಸು ನೀರಿನ ಲೆಕ್ಕವನ್ನೂ ಅಚ್ಚು ಹಾಕಬೇಕು ಅನ್ನೋದು ನನ್ನ ವಾದ. ಸಾಲ ಮಾಡಿ ಕೊಳ್ಳುವವನಿಗೆ ಬೇಕಾದ್ದು ಆ ಅಂಕಿ.

ಹಾಗೇ ಡೈಪರ್ ಪುಡಿಯನ್ನು ಹೂಕುಂಡಕ್ಕೆ ಸುರಿಯಬೇಡಿ. ಸೋಡಿಯಂ ಹೆಚ್ಚಾದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಸಿಂಕಿಗೂ ಬೇಡ, ಪೈಪು ಕಟ್ಟುತ್ತೆ!

ಚಿಕ್ಕಪ್ಪನಿಗೆ ಹೇಳಿದ್ದಿಷ್ಟು: 5 ಗ್ರಾಂ ಪುಡಿ ತಗೊಂಡು ನಿಮ್ಮದೇ ಬೋರಿನ 3 ಲೀಟರ್ ನೀರಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ ತೂಗಿ, ಐದರಿಂದ ಭಾಗಿಸಿ. ಬಂದ ಅಂಕಿ ನೋಡಿ ದುಡ್ಡು ಕೊಡಿ.

ನಿಮ್ಮೂರಲ್ಲಿ ಯಾರಾದರೂ ಬಳಸಿದ್ದಾರಾ? ಹೇಳಿ, ಚಿಕ್ಕಪ್ಪನಿಗೂ ತಿಳಿಸ್ತೀನಿ :)