ತಾತ್ಕಾಲಿಕ ಬೇಡಿಕೆ, ದೀರ್ಘಾವಧಿ ಸಾಲ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬಂದರು ಪಟ್ಟಣ ಗ್ಲ್ಯಾಡ್‌ಸ್ಟನ್ ವಸತಿ ಹೂಡಿಕೆದಾರರಿಗೆ ಎಚ್ಚರಿಕೆಯ ಪಾಠವಾಗಿದೆ. ಸಮೀಪದ ಕರ್ಟಿಸ್ ದ್ವೀಪದಲ್ಲಿ ಮೂರು ದ್ರವೀಕೃತ ನೈಸರ್ಗಿಕ ಅನಿಲ ಸ್ಥಾವರಗಳಿಗೆ 2010-11ರಲ್ಲಿ ಹೂಡಿಕೆ ನಿರ್ಧಾರವಾಯಿತು. ನಿರ್ಮಾಣಕ್ಕೆ 10,000ಕ್ಕೂ ಹೆಚ್ಚು ಕಾರ್ಮಿಕರು ನೆರೆದರು. ಏರಿದ ಬಾಡಿಗೆ ಸ್ಥಳೀಯ ಕುಟುಂಬಗಳಿಗೆ ಹೊರೆಯಾಯಿತು. ಹೂಡಿಕೆದಾರರು ಸಾಲ ಮಾಡಿ ಮನೆ ಕಟ್ಟಿಸಿದರು.

2015ರ ಆರಂಭದಲ್ಲಿ ಮೊದಲ ಅನಿಲ ಹಡಗು ಹೊರಟಿತು. ಸ್ಥಾವರ ಕಟ್ಟಲು ಬೇಕಾದಷ್ಟು ಜನ ಅದನ್ನು ನಡೆಸಲು ಬೇಕಿಲ್ಲ. ಕಾರ್ಮಿಕರು ತೆರಳಿದಂತೆ ಮನೆಗಳು ಖಾಲಿ ಬಿದ್ದವು, ಬೆಲೆ ಕುಸಿಯಿತು; ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅಲ್ಪಕಾಲದ ಆದಾಯವನ್ನು ನಂಬಿ ದೀರ್ಘಾವಧಿಯ ಹೊಣೆ ಹೊರುವುದು ವಿವೇಕದ ಲೆಕ್ಕಾಚಾರವಲ್ಲ. ಕಾರ್ಮಿಕರ ಶಿಬಿರ ಸಿದ್ಧವಾಗದೆ ಬೃಹತ್ ನಿರ್ಮಾಣಕ್ಕೆ ಅನುಮತಿ ದೊರೆಯಬಾರದು. ಶಾಶ್ವತ ಮನೆ, ನೀರು, ರಸ್ತೆಗಳ ಯೋಜನೆಗೆ ಕಾಯಂ ನಿವಾಸಿಗಳ ಸಂಖ್ಯೆಯೇ ಆಧಾರವಾಗಬೇಕು.