ಎಷ್ಟು ಜನ ಬಂದರು ಅನ್ನುವುದಲ್ಲ, ಏನು ಬದಲಾಯಿತು ಅನ್ನುವುದು ಮುಖ್ಯ



ನಮ್ಮ ಗುಂಪುಗಳಲ್ಲಿ ವರ್ಷಕ್ಕೊಂದಾದರೂ ಆರೋಗ್ಯ ಕಾರ್ಯಕ್ರಮ ನಡೆಯುತ್ತದೆ. ಡಾಕ್ಟರ ಭಾಷಣ, ಬಿಪಿ-ಶುಗರ್ ತಪಾಸಣೆ, ಉಪ್ಪಿಟ್ಟು-ಕೇಸರಿಬಾತ್, ಕೊನೆಗೆ ಗ್ರೂಪ್ ಫೋಟೊ. ಮರುದಿನ ವಾಟ್ಸಾಪ್‌ನಲ್ಲಿ ವರದಿ ಬರುತ್ತದೆ: ಇಷ್ಟು ಜನ ಬಂದಿದ್ದರು, ಕಾರ್ಯಕ್ರಮ ಯಶಸ್ವಿ. ಆದರೆ ಯಾರ ಮನೆಯಲ್ಲಿ ಯಾವ ಕಾಯಿಲೆ ತಪ್ಪಿತು ಎಂದು ನಾವು ಕೇಳುವುದೇ ಇಲ್ಲ. ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಎಷ್ಟು ಎಕರೆ ಉತ್ತೆ ಎಂದು ಹೇಳಿಕೊಂಡರೆ ರೈತನ ಮನೆ ತುಂಬುವುದಿಲ್ಲ. ಕಣದಲ್ಲಿ ರಾಶಿ ಎಷ್ಟಾಯಿತು ಅನ್ನುವುದೇ ಲೆಕ್ಕ. ಆರೋಗ್ಯ ಕೆಲಸಕ್ಕೂ ಇಂಥದೇ ಲೆಕ್ಕವಿದೆ. ಅದನ್ನು ಲಾಜಿಕ್ ಮಾಡೆಲ್ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಐದು ಕೊಂಡಿಗಳ ಒಂದು ಸರಪಳಿ, ಅಷ್ಟೇ:

1. ನಮ್ಮ ಕೈಯಲ್ಲಿ ಏನಿದೆ (ಜನ, ಹಣ, ಸಮಯ)
2. ಏನು ಮಾಡುತ್ತೇವೆ
3. ಎಷ್ಟು ಮಾಡಿದೆವು
4. ಅದರಿಂದ ಮನೆಗಳಲ್ಲಿ ಏನು ಬದಲಾಯಿತು
5. ಕೊನೆಗೆ ಕಾಯಿಲೆ ಕಡಿಮೆಯಾಯಿತೇ

ನಮ್ಮ ವರದಿಗಳು ಮೂರನೆಯ ಕೊಂಡಿಗೇ ನಿಂತುಬಿಡುತ್ತವೆ. ಯೋಜನೆ ಮಾಡುವಾಗ ಐದರಿಂದ ಶುರುಮಾಡಿ ಹಿಂದಕ್ಕೆ ಬರಬೇಕು.

ನಾಗಪುರದ ಡೆಂಗಿಯನ್ನೇ ತೆಗೆದುಕೊಳ್ಳಿ. ಇಲ್ಲಿನ ಬೇಸಿಗೆಗೆ ಕೂಲರ್ ಇಲ್ಲದೆ ಬದುಕಿಲ್ಲ. ಮಳೆ ಹಿಡಿದ ಮೇಲೆ ಅದೇ ಕೂಲರ್ ಕಿಟಕಿಯ ಹೊರಗೆ ನೀರು ತುಂಬಿಕೊಂಡು ಸುಮ್ಮನೆ ನಿಂತಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಅದೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಅಂಚಿನಲ್ಲಿ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು.

ಈಗ ಹಿಂದಿನಿಂದ ಲೆಕ್ಕ ಹಾಕೋಣ. ನಮಗೆ ಬೇಕಾದದ್ದು ಡೆಂಗಿ ಕಡಿಮೆಯಾಗುವುದು (5). ಅದಕ್ಕೆ ಲಾರ್ವಾ, ಅಂದರೆ ಸೊಳ್ಳೆಮರಿ ಇರುವ ಮನೆಗಳು ಕಡಿಮೆಯಾಗಬೇಕು (4). ಅದಕ್ಕೆ ಎಲ್ಲ ಮನೆಗಳಿಗೂ ಹೋಗಿ ಬಂದಿರಬೇಕು (3). ಹೋದವರು ಭಾಷಣ ಬಿಗಿಯದೆ, ಟಾರ್ಚ್ ಹಿಡಿದು ನೀರು ನೋಡಿ, ತಿಕ್ಕುವುದನ್ನು ಮಾಡಿ ತೋರಿಸಬೇಕು (2). ಬೇಕಾಗುವ ಸಾಮಾನು: ನಾಲ್ಕು ಜನ ಯುವಕ-ಯುವತಿಯರು, ಟಾರ್ಚ್, ಬ್ರಷ್, ಒಂದು ನೋಟ್‌ಬುಕ್ (1). ಶಾಮಿಯಾನ ಬೇಡ, ಹಾರ-ಶಾಲು ಬೇಡ.

ಇಲ್ಲಿ ಒಂದು ಎಚ್ಚರಿಕೆ. ನಲವತ್ತು ಮನೆಗಳ ಗುಂಪಿನಲ್ಲಿ ಒಂದು ವರ್ಷ ಇಬ್ಬರಿಗೆ ಡೆಂಗಿ ಬಂದು, ಮರುವರ್ಷ ಯಾರಿಗೂ ಬರದಿದ್ದರೆ ಅದು ನಮ್ಮ ಕೆಲಸದ ಫಲವೋ ಅದೃಷ್ಟವೋ ಹೇಳಲಾಗದು. ಅದಕ್ಕೇ ನಾಲ್ಕನೆಯ ಕೊಂಡಿಯನ್ನು ಅಳೆಯಬೇಕು. ನೂರಕ್ಕೆ ಎಷ್ಟು ಮನೆಗಳಲ್ಲಿ ಲಾರ್ವಾ ಇದೆ ಎಂಬ ಲೆಕ್ಕಕ್ಕೆ ಆರೋಗ್ಯ ಇಲಾಖೆಯವರು ಹೌಸ್ ಇಂಡೆಕ್ಸ್ ಎನ್ನುತ್ತಾರೆ. ಉದಾಹರಣೆಗೆ, 40 ಮನೆ ನೋಡಿ 12ರಲ್ಲಿ ಸಿಕ್ಕರೆ ಅದು 30. ಕೆಲಸ ಶುರುಮಾಡುವ ಮೊದಲು ಒಮ್ಮೆ ಎಣಿಸಿ, ಆಮೇಲೆ ಪ್ರತಿ ತಿಂಗಳೂ ಎಣಿಸಿ. ಮೊದಲ ಎಣಿಕೆ ಇಲ್ಲದಿದ್ದರೆ ಕೊನೆಯ ಎಣಿಕೆಗೆ ಬೆಲೆಯಿಲ್ಲ.

ಅಂಕಿ ಇಳಿಯದಿದ್ದರೆ ಸರಪಳಿ ಎಲ್ಲಿ ಕಡಿದಿದೆ ಎಂದು ಹುಡುಕಬಹುದು. ಮನೆಗಳಿಗೆ ಹೋಗಿಯೇ ಇಲ್ಲವೇ? ಹೋದರೂ ಅವರು ತಿಕ್ಕುತ್ತಿಲ್ಲವೇ? ತಿಕ್ಕಿದರೂ ಲಾರ್ವಾ ಇದ್ದರೆ ಅದು ಕೂಲರಿನಲ್ಲಲ್ಲ, ಫ್ರಿಜ್ ಹಿಂದಿನ ಟ್ರೇಯಲ್ಲೋ ತಾರಸಿಯ ಡ್ರಮ್ಮಿನಲ್ಲೋ ಇರಬಹುದು. ನಮ್ಮ ಮನೆಗಳೆಲ್ಲ ಸ್ವಚ್ಛವಾಗಿಯೂ ಜ್ವರ ಬಂದರೆ? ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲ, ಆದರೆ ಪಕ್ಕದ ಮನೆ ಅದಕ್ಕೆ ದೂರವಲ್ಲ. ಆಗ ಕನ್ನಡದವರ ಮನೆಗಳಷ್ಟನ್ನೇ ನೋಡಿ ಬಂದರೆ ಆಗದು. ಮರಾಠಿಯಲ್ಲೋ ಹಿಂದಿಯಲ್ಲೋ ನೆರೆಯವರನ್ನೂ ಜೊತೆಗೆ ಕರೆದುಕೊಳ್ಳಬೇಕು.

"ನಾವೇನು ಸಂಶೋಧಕರೇ, ಇದೆಲ್ಲ ಯಾಕೆ?" ಎಂದು ಕೆಲವರು ಕೇಳಬಹುದು. ನಮ್ಮ ಪಕ್ಕದ ಗಡಚಿರೋಲಿಯ ಕಡೆ ನೋಡಿ. ನಾಗಪುರದಲ್ಲೇ ವೈದ್ಯಕೀಯ ಓದಿದ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ತಮ್ಮ 'ಸರ್ಚ್' ಸಂಸ್ಥೆಯ ಮೂಲಕ ಅಲ್ಲಿ ಮೊದಲು ಮಾಡಿದ್ದೇ ಎಣಿಕೆ. 1993ರಿಂದ ಜನನ-ಮರಣಗಳನ್ನು ಬರೆದಿಟ್ಟರು. ಆಮೇಲೆ 39 ಹಳ್ಳಿಗಳಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಹಸುಗೂಸುಗಳ ಆರೈಕೆಗೆ ಮನೆಮನೆಗೆ ಕಳಿಸಿದರು. 47 ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಕೆಲಸ ನಡೆದ ಹಳ್ಳಿಗಳಲ್ಲಿ ಹುಟ್ಟಿದ 28 ದಿನದೊಳಗೆ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ 62 ಇದ್ದದ್ದು ಮೂರನೆಯ ವರ್ಷಕ್ಕೆ ಸುಮಾರು 26ಕ್ಕೆ ಇಳಿಯಿತು. ಹೋಲಿಕೆಯ ಹಳ್ಳಿಗಳಲ್ಲಿ 60ರ ಹತ್ತಿರವೇ ಉಳಿಯಿತು. ಈ ಲೆಕ್ಕ 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ದೇಶದ ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆಗೆ ಹೋಗಿ ಶಿಶುಗಳನ್ನು ನೋಡುವ ಕ್ರಮಕ್ಕೆ ಇದೇ ದಾರಿ ತೋರಿಸಿತು. ಎಣಿಸದೇ ಇದ್ದಿದ್ದರೆ ಅದೂ ಒಂದು ಒಳ್ಳೆಯ ಸೇವೆ ಎನಿಸಿಕೊಂಡು ಮರೆತುಹೋಗುತ್ತಿತ್ತು.

ನಮಗೆ ಇನ್ನೊಂದು ಕಾರಣವೂ ಇದೆ. ಊರಲ್ಲಿ ಜ್ವರ ಬಂದರೆ ಅಜ್ಜಿ, ಚಿಕ್ಕಮ್ಮ, ಅಕ್ಕಪಕ್ಕದವರು ಓಡಿ ಬರುತ್ತಾರೆ. ಇಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಂದು ಮಗು ಡೆಂಗಿಯಿಂದ ಮಲಗಿದರೆ ರಜೆ, ಆಸ್ಪತ್ರೆ, ಖರ್ಚು ಎಲ್ಲವನ್ನೂ ಅವರಿಬ್ಬರೇ ಹೊರಬೇಕು. ನಮ್ಮಂಥವರಿಗೆ ತಡೆಯುವುದೇ ದೊಡ್ಡ ಔಷಧ. ತಡೆದೆವೋ ಇಲ್ಲವೋ ತಿಳಿಯದಿದ್ದರೆ ಅದು ಬರೀ ಸಮಾಧಾನ.

ಆದ್ದರಿಂದ ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಈ ಕಾರ್ಯಕ್ರಮದಿಂದ ಏನು ಬದಲಾಗಬೇಕು, ಅದು ಬದಲಾಯಿತೆಂದು ನಮಗೆ ಹೇಗೆ ಗೊತ್ತಾಗುತ್ತದೆ?" ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಈ ಭಾನುವಾರ ನಿಮ್ಮ ಕೂಲರ್ ಟ್ಯಾಂಕಿಗೆ ಟಾರ್ಚ್ ಬಿಟ್ಟು ನೋಡಿ. ಕಂಡದ್ದನ್ನು ಗುಂಪಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ. ನಮ್ಮ ಮೊದಲ ಎಣಿಕೆ ಅಲ್ಲಿಂದಲೇ ಶುರುವಾಗಲಿ.

ಉಪಯುಕ್ತ ಅನಿಸಿದರೆ ನಿಮ್ಮ ಪರಿಚಯದ ಕನ್ನಡ ಕುಟುಂಬಗಳಿಗೂ ಕಳಿಸಿ.